ಮುಗಿಯದ ಪ್ರಾರ್ಥನೆ: ಒಬ್ಬ ಯುವ ಮಾರ್ಮನ್ ಮಿಷನರಿಯ ಪ್ರಕರಣ

ಈ ಬರಹದಲ್ಲಿ ಬರುವ ಯುವಕನ ಹೆಸರು, ಊರು, ಸೇವೆ ಸಲ್ಲಿಸಿದ ಪ್ರದೇಶ, ಕುಟುಂಬದ ವಿವರಗಳನ್ನು ಒಂದೋ ಬದಲಿಸಿದ್ದೇನೆ, ಇಲ್ಲವೇ ಬಿಟ್ಟಿದ್ದೇನೆ. ಆತನ ಲಿಖಿತ ಒಪ್ಪಿಗೆ ನನ್ನ ಬಳಿ ಇದೆ. ಬರೆಯುವ ಮೊದಲು ಇಂಗ್ಲಿಷಿನಲ್ಲಿ ಸಾರಾಂಶವೊಂದನ್ನು ಮಾಡಿ ಕಳಿಸಿದಾಗ ಆತ ಎರಡು ಕಡೆ ನನ್ನನ್ನು ತಿದ್ದಿದ, ಆ ತಿದ್ದುಪಡಿಗಳು ಇಲ್ಲಿ ಸೇರಿವೆ. ಅವನನ್ನು ಎಲ್ಡರ್ ಕ ಎಂದೂ ಅವನ ಜೊತೆಗಾರನನ್ನು ಎಲ್ಡರ್ ತ ಎಂದೂ ಕರೆಯುತ್ತೇನೆ. ನಾನು ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಿ, ಈಗ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ನಗರದಲ್ಲಿ ಆಪ್ತಚಿಕಿತ್ಸೆ ನೀಡುತ್ತಿರುವವನು. ಆ ಚರ್ಚಿನ ಸದಸ್ಯನಲ್ಲ. ಈ ಸಂಗತಿಯನ್ನು ಕನ್ನಡದಲ್ಲಿ ಬರೆಯಲು ಒಂದು ಕಾರಣವಿದೆ. ಆ ಹುಡುಗನ ಸಂಕಟವನ್ನು ನಾನು ಮೊದಲು ಗುರುತಿಸಿದ್ದು ನನ್ನ ಅಜ್ಜಿಯ ಮನೆಯ ಬಚ್ಚಲಿನ ನೆನಪಿನಿಂದ.

ಹಿನ್ನೆಲೆ

ಮಾರ್ಮನ್ನರೆಂದು ಜಗತ್ತು ಕರೆಯುವ ಸಮುದಾಯದ ಪೂರ್ಣ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಜೋಸೆಫ್ ಸ್ಮಿತ್ ಅದನ್ನು 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದರು. ಇಂದಿನ ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಪೂರ್ಣ ಹೆಸರನ್ನೇ ಬಳಸಬೇಕೆಂದು ಅದರ ನಾಯಕರು 2018ರಿಂದ ಕೇಳಿಕೊಳ್ಳುತ್ತಿದ್ದಾರೆ. ಕನ್ನಡ ಓದುಗರಿಗೆ ತಿಳಿದ ಪದ ‘ಮಾರ್ಮನ್’ ಆದ್ದರಿಂದ ಅದನ್ನು ಉಳಿಸಿಕೊಂಡಿದ್ದೇನೆ, ಅಗೌರವದಿಂದಲ್ಲ. ಬೆಂಗಳೂರಿನಲ್ಲಿಯೂ 1993ರಿಂದ ಅವರ ಮಿಷನ್, ಅಂದರೆ ಧರ್ಮಪ್ರಚಾರದ ಆಡಳಿತ ಘಟಕ, ಇದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಫಲಕ ಧರಿಸಿ ಇಬ್ಬಿಬ್ಬರಾಗಿ ನಡೆದು ಹೋಗುವ ಎಳೆಯ ಹುಡುಗರನ್ನು ಅಲ್ಲಿಯ ಕೆಲವು ಬಡಾವಣೆಗಳಲ್ಲಿ ನೀವು ನೋಡಿರಲೂಬಹುದು.

ಧರ್ಮಪ್ರಚಾರಕ್ಕೆ ಹೊರಟ ಅಂಥ ಮಿಷನರಿಗಳು ಜಗತ್ತಿನಾದ್ಯಂತ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಹುಡುಗರು ಹತ್ತೊಂಬತ್ತು ತುಂಬಿದ ಮೇಲೆ ಹೊರಡಬೇಕೆಂದಿದ್ದ ನಿಯಮ 2012ರ ಅಕ್ಟೋಬರಿನಲ್ಲಿ ಬದಲಾಗಿ, ಹದಿನೆಂಟಕ್ಕೇ ಹೊರಡುವ ಅವಕಾಶ ಬಂತು. ಹುಡುಗರ ಸೇವೆ ಇಪ್ಪತ್ತನಾಲ್ಕು ತಿಂಗಳು, ಹುಡುಗಿಯರದು ಹದಿನೆಂಟು. ಎಲ್ಲಿಗೆ ಹೋಗಬೇಕೆಂಬುದನ್ನು ಅವರು ಆರಿಸಿಕೊಳ್ಳುವುದಿಲ್ಲ. ಸಂಬಳವಿಲ್ಲ. ಅಮೆರಿಕದ ಕುಟುಂಬಗಳು 2020ರ ಮಧ್ಯದಿಂದ ತಿಂಗಳಿಗೆ 500 ಡಾಲರ್‌ನಂತೆ ತಾವೇ ಕಟ್ಟಿ ಮಕ್ಕಳನ್ನು ಕಳಿಸುತ್ತವೆ. ಹೋದ ಮೇಲೆ ಮೊದಲ ಹೆಸರು ಮರೆಯಾಗಿ ಹುಡುಗ ‘ಎಲ್ಡರ್’ ಆಗುತ್ತಾನೆ, ಹುಡುಗಿ ‘ಸಿಸ್ಟರ್’ ಆಗುತ್ತಾಳೆ.

ದಿನಚರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪ್ರಕರಣ ಬೆಳೆದದ್ದು ಆ ದಿನಚರಿಯ ಸಂದುಗಳಲ್ಲಿ. ಬೆಳಗ್ಗೆ ಆರೂವರೆಗೆ ಏಳುವುದು, ಮಂಡಿಯೂರಿ ಪ್ರಾರ್ಥಿಸುವುದು, ವ್ಯಾಯಾಮ, ತಿಂಡಿ, ಒಂದಷ್ಟು ಹೊತ್ತು ಒಬ್ಬನೇ ಧರ್ಮಗ್ರಂಥ ಓದುವುದು, ಮತ್ತೆ ಜೊತೆಗಾರನೊಡನೆ ಕುಳಿತು ಓದುವುದು, ಆಮೇಲೆ ಸೈಕಲ್ಲೋ ಕಾರೋ ಹತ್ತಿ ಮನೆಮನೆಗೆ ಹೋಗುವುದು. ಸಂಜೆ ಸ್ಥಳೀಯ ಸದಸ್ಯರ ಮನೆಯಲ್ಲಿ ಊಟ, ರಾತ್ರಿ ಒಂಬತ್ತು ಒಂಬತ್ತೂವರೆಯೊಳಗೆ ಮನೆ, ಹತ್ತೂವರೆಗೆ ದೀಪ ಆರಬೇಕು. ಜೊತೆಗಾರನನ್ನು ಬಿಟ್ಟು ಎಲ್ಲಿಯೂ ಹೋಗುವಂತಿಲ್ಲ, ಮಲಗುವುದೂ ಒಂದೇ ಕೋಣೆಯಲ್ಲಿ. ಆರು ವಾರಕ್ಕೊಮ್ಮೆ ವರ್ಗಾವಣೆಯ ಸುತ್ತು ಬರುತ್ತದೆ. ಆಗ ಜೊತೆಗಾರ ಬದಲಾಗಬಹುದು, ಊರೂ ಬದಲಾಗಬಹುದು. ವಾರದಲ್ಲಿ ಒಂದು ದಿನ, ಹೆಚ್ಚಾಗಿ ಸೋಮವಾರ, ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಫೋನ್ ಮಾಡಲು ಬಿಡುವು. ವಾರಕ್ಕೊಮ್ಮೆ ಮನೆಯವರೊಡನೆ ಮಾತನಾಡಬಹುದೆಂಬ ಅನುಮತಿ 2019ರ ಫೆಬ್ರವರಿಯಲ್ಲಷ್ಟೇ ಬಂದದ್ದು. ಅದಕ್ಕೂ ಮೊದಲು ಕರೆ ಮಾಡಲು ಅವಕಾಶವಿದ್ದದ್ದು ವರ್ಷಕ್ಕೆರಡು ಬಾರಿ, ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. ಈ ಒಂದು ಬದಲಾವಣೆ ಆಗಿರದಿದ್ದರೆ ಎಲ್ಡರ್ ಕ ನನ್ನ ಬಳಿಗೆ ಬರುತ್ತಿದ್ದನೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಎಲ್ಡರ್ ಕ ಪಶ್ಚಿಮ ಅಮೆರಿಕದ ಕೃಷಿಕ ಕುಟುಂಬದ ಹುಡುಗ, ಐವರು ಮಕ್ಕಳಲ್ಲಿ ಮೂರನೆಯವನು. ಅಪ್ಪ ಹೋಗಿ ಬಂದಿದ್ದರು, ಅಣ್ಣನೂ ಹೋಗಿ ಬಂದಿದ್ದ. ತಾನೂ ಹೋಗಬೇಕೆಂಬ ಆಸೆ ಇವನಿಗೆ ಎಂಟು ಹತ್ತು ವರ್ಷದಿಂದಲೇ ಇತ್ತು, ಯಾರೂ ಬಲವಂತ ಮಾಡಿದ್ದಲ್ಲ. ಯೂಟಾದ ಪ್ರೊವೊ ನಗರದ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಕಳೆದು 2022ರ ಬೇಸಿಗೆಯಲ್ಲಿ ನಮ್ಮ ಪ್ರದೇಶಕ್ಕೆ ಬಂದ. ಮೊದಲ ಮೂರು ತಿಂಗಳು ಅವನನ್ನು ತರಬೇತುಗೊಳಿಸಿದ ಹಿರಿಯ ಜೊತೆಗಾರ ಬರೆದ ಮಾತು ಒಂದೇ: ಇಷ್ಟು ಶ್ರದ್ಧೆಯ ಹುಡುಗನನ್ನು ನಾನು ನೋಡಿಲ್ಲ.

ತೊಂದರೆ ಬೆಳೆದ ಬಗೆ

ಮೊದಲು ಕಾಣಿಸಿದ್ದು ರಾತ್ರಿಯ ಪ್ರಾರ್ಥನೆ ಉದ್ದವಾದದ್ದು. ಐದು ನಿಮಿಷ ಹತ್ತಾಯಿತು, ಹತ್ತು ನಲವತ್ತಾಯಿತು. ಪ್ರಾರ್ಥನೆಯ ನಡುವೆ ಮನಸ್ಸು ಬೇರೆಡೆಗೆ ಹೋದರೆ ಅದು ಪ್ರಾರ್ಥನೆಯೇ ಅಲ್ಲವೆಂದು ಅವನಿಗೆ ಅನಿಸುತ್ತಿತ್ತು, ಆದ್ದರಿಂದ ಮೊದಲಿನಿಂದ ಶುರು ಮಾಡುತ್ತಿದ್ದ. ನಾಲ್ಕನೆಯ ತಿಂಗಳ ಹೊತ್ತಿಗೆ ಹತ್ತೂವರೆಗೆ ದೀಪ ಆರಿದ ಮೇಲೂ ಕತ್ತಲಲ್ಲಿ ಮಂಡಿಯೂರಿ ರಾತ್ರಿ ಒಂದು ಗಂಟೆಯವರೆಗೆ ಇರತೊಡಗಿದ. ದೀಪ ಆರಿಸುವ ನಿಯಮವನ್ನೂ ಪ್ರಾರ್ಥನೆಯ ಕರ್ತವ್ಯವನ್ನೂ ಒಟ್ಟಿಗೆ ಪಾಲಿಸುತ್ತಿದ್ದೇನೆಂಬುದು ಅವನ ಲೆಕ್ಕ.

ಎರಡನೆಯದು ಪ್ರೇರಣೆಗಳ ವಿಷಯ. ಪವಿತ್ರಾತ್ಮನು ಮನಸ್ಸಿಗೆ ಮೆಲ್ಲನೆ ಸೂಚನೆ ನೀಡುತ್ತಾನೆ, ಅದಕ್ಕೆ ಕಿವಿಗೊಟ್ಟು ನಡೆಯಬೇಕು ಎಂಬುದು ಆ ಸಮುದಾಯದ ನಂಬಿಕೆ. ಹೆಚ್ಚಿನ ಮಿಷನರಿಗಳು ಇದನ್ನು ಹಗುರವಾಗಿ, ಸಂತೋಷದಿಂದ ಬದುಕುತ್ತಾರೆ. ಆದರೆ ಇವನಿಗೆ ಮನಸ್ಸಿನಲ್ಲಿ ಮೂಡಿದ ಯಾವ ಯೋಚನೆಯನ್ನೂ ತಳ್ಳಿಹಾಕಲಾಗದ ಸ್ಥಿತಿ ಬಂತು. ಹಸಿರು ಬಾಗಿಲಿನ ಮನೆಯೊಂದನ್ನು ದಾಟಿ ಬಂದ ಮೇಲೆ, ಆ ಬಾಗಿಲು ತಟ್ಟಬೇಕಿತ್ತೇನೋ ಎಂಬ ಅನುಮಾನ ಬರುತ್ತಿತ್ತು. ತಟ್ಟದಿದ್ದರೆ ಒಂದು ಆತ್ಮ ತನ್ನಿಂದಾಗಿ ಕಳೆದುಹೋಯಿತು ಎಂಬ ಭಯ ಹತ್ತಿಕೊಳ್ಳುತ್ತಿತ್ತು. ಮೂರು ಕಿಲೋಮೀಟರ್ ಸೈಕಲ್ ತುಳಿದು ಹಿಂದಿರುಗುವುದು, ಒಬ್ಬನೇ ಹೋಗುವಂತಿಲ್ಲವಾದ್ದರಿಂದ ಜೊತೆಗಾರನೂ ಹಿಂದಿರುಗುವುದು. ನವೆಂಬರಿನ ಚಳಿಯಲ್ಲಿ ಆಗಿನ ಜೊತೆಗಾರ ಒಂದೇ ಮನೆಗೆ ಮೂರು ಬಾರಿ ವಾಪಸಾದ ದಿನವೂ ಇದೆ. ಕಾಯಿಲೆ ಒಬ್ಬನಿಗೆ ಬಂದರೂ ಅದನ್ನು ಇಬ್ಬರು ಹೊರಬೇಕಾದ ಏರ್ಪಾಡು ಅದು.

ಮೂರನೆಯದು ಆ ಚರ್ಚಿನ ಆಚರಣೆಯ ಒಂದು ವಿಶೇಷಕ್ಕೆ ಸಂಬಂಧಿಸಿದ್ದು. ಪ್ರತಿ ಭಾನುವಾರ ರೊಟ್ಟಿ ಮತ್ತು ನೀರಿನ ಸಂಸ್ಕಾರ ನಡೆಯುತ್ತದೆ, ಅದನ್ನು ಸ್ಯಾಕ್ರಮೆಂಟ್ ಎನ್ನುತ್ತಾರೆ. ಅವರ ಉಳಿದ ಬಹುತೇಕ ಪ್ರಾರ್ಥನೆಗಳು ಸ್ವಂತ ಮಾತಿನವಾದರೂ, ಈ ಸಂಸ್ಕಾರದ ಎರಡು ಪ್ರಾರ್ಥನೆಗಳನ್ನು ಗ್ರಂಥದಲ್ಲಿರುವಂತೆಯೇ, ಒಂದು ಪದವೂ ತಪ್ಪದಂತೆ ಹೇಳಬೇಕು. ತಪ್ಪಿದರೆ ಅಧ್ಯಕ್ಷತೆ ವಹಿಸಿದವರು ಮತ್ತೆ ಹೇಳಿಸುತ್ತಾರೆ. ಸಣ್ಣ ಊರಿನ ಸಭೆಗಳಲ್ಲಿ ಈ ಕೆಲಸ ಹೆಚ್ಚಾಗಿ ಮಿಷನರಿಗಳ ಪಾಲಿಗೆ ಬರುತ್ತದೆ. ಎಲ್ಡರ್ ಕ ಶನಿವಾರ ಸಂಜೆಯಿಂದಲೇ ಬೆವರುತ್ತಿದ್ದ. ಸಭೆ ಮುಗಿದ ಮೇಲೆ, ತಾನು ಒಂದು ಪದವನ್ನು ನುಂಗಿರಬಹುದು, ಇಡೀ ಸಭೆ ಸ್ವೀಕರಿಸಿದ ಸಂಸ್ಕಾರ ತನ್ನಿಂದ ಕೆಟ್ಟಿರಬಹುದು ಎಂದು ಜೊತೆಗಾರನನ್ನು ಕೇಳುತ್ತಿದ್ದ, ಅಲ್ಲಿಯ ಹಿರಿಯರನ್ನು ಕೇಳುತ್ತಿದ್ದ. ಸರಿಯಾಗಿಯೇ ಹೇಳಿದಿರಿ ಎಂಬ ಉತ್ತರ ಸಿಕ್ಕರೆ ಒಂದು ತಾಸು ನೆಮ್ಮದಿ.

ಅದರ ಮೇಲೆ ಉಪವಾಸ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಡುವುದು ಅವರ ಪದ್ಧತಿ. ಇವನು ವಾರ ವಾರವೂ ಬಿಡತೊಡಗಿದ. ಮದ್ಯ, ತಂಬಾಕು, ಚಹಾ, ಕಾಫಿ ವರ್ಜ್ಯವೆಂಬ ನಿಯಮವನ್ನು ಎಳೆದು ಎಳೆದು, ಸದಸ್ಯರ ಮನೆಯ ಕೇಕಿನಲ್ಲಿ ಹಾಕಿದ ವೆನಿಲಾ ಎಸೆನ್ಸಿನಲ್ಲಿ ಮದ್ಯಸಾರ ಇರಬಹುದೆಂದು ತಟ್ಟೆಯನ್ನು ಪಕ್ಕಕ್ಕಿಟ್ಟ. ಏಳನೆಯ ತಿಂಗಳಲ್ಲಿ ಒಂಬತ್ತು ಕಿಲೋ ತೂಕ ಇಳಿದಿತ್ತು.

ಮೊದಲು ನಡೆದ ಪ್ರಯತ್ನಗಳು

ಅವನ ಸುತ್ತ ಇದ್ದವರೆಲ್ಲರೂ ಅವನಿಗೆ ಒಳ್ಳೆಯದನ್ನೇ ಬಯಸಿದವರು. ನಡೆದ ತಪ್ಪುಗಳು ಒಳ್ಳೆಯ ಮನಸ್ಸಿನಿಂದಲೇ ನಡೆದವು, ಆದ್ದರಿಂದಲೇ ಅವು ಗುರುತಿಗೆ ಬರಲು ತಡವಾಯಿತು.

ಅವನಿಗಿಂತ ಒಂದು ವರ್ಷ ಹಿರಿಯನಾದ ತಂಡದ ಮುಖ್ಯಸ್ಥ, ನಿಯಮಗಳನ್ನು ಕರಾರುವಾಕ್ಕಾಗಿ ಪಾಲಿಸಿದರೆ ಮನಶ್ಶಾಂತಿ ತಾನಾಗಿ ಬರುತ್ತದೆ ಎಂದು ಸಲಹೆ ಕೊಟ್ಟ. ಈ ಸಲಹೆ ಸೋಮಾರಿ ಹುಡುಗನೊಬ್ಬನಿಗೆ ಸರಿಯಾದ ಮದ್ದಾಗಿರಬಹುದು. ಎಲ್ಡರ್ ಕ ನಿಯಮಗಳ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿಕೊಂಡ.

ಮಿಷನ್ ಅಧ್ಯಕ್ಷರು ಐವತ್ತು ದಾಟಿದ ಸಂಭಾವಿತರು. ಈ ಹುದ್ದೆಗೆ ಬರುವವರು ವೃತ್ತಿಪರ ಪಾದ್ರಿಗಳಲ್ಲ. ತಮ್ಮ ಉದ್ಯೋಗ ವ್ಯವಹಾರಗಳನ್ನು ಬದಿಗಿಟ್ಟು, ಹೆಂಡತಿಯೊಡನೆ ಮೂರು ವರ್ಷಗಳ ಕಾಲ ನೂರಾರು ಹದಿಹರೆಯದವರ ತಂದೆತಾಯಿಗಳಂತೆ ಇರಲು ಒಪ್ಪಿ ಬಂದವರು. ಮಿಷನರಿಗಳು ವಾರಕ್ಕೊಮ್ಮೆ ಅವರಿಗೆ ಪತ್ರ ಬರೆಯುವ ರೂಢಿಯಿದೆ. ಎಲ್ಡರ್ ಕನ ಪತ್ರಗಳು ತಪ್ಪೊಪ್ಪಿಗೆಗಳಾದವು. ಹತ್ತನೆಯ ವಯಸ್ಸಿನಲ್ಲಿ ತಮ್ಮನಿಗೆ ಹೇಳಿದ ಸುಳ್ಳು, ಹೈಸ್ಕೂಲಿನಲ್ಲಿ ನೋಡಿ ಬರೆದಿರಬಹುದಾದ ಒಂದು ಉತ್ತರ, ಮನೆಯೊಂದರ ಗೋಡೆಯ ಮೇಲಿನ ಚಿತ್ರದ ಮೇಲೆ ಎರಡು ಕ್ಷಣ ನಿಂತ ಕಣ್ಣು. ಅಧ್ಯಕ್ಷರು ಪತ್ರಕ್ಕೆ ಉತ್ತರಿಸಿದರು, ಆಮೇಲೆ ಫೋನಿನಲ್ಲಿ ಮಾತನಾಡತೊಡಗಿದರು, ಪ್ರತಿ ಸಲವೂ ಇದು ಪಾಪವಲ್ಲ, ದೇವರು ನಿಮ್ಮನ್ನು ಕ್ಷಮಿಸಿದ್ದಾನೆ ಎಂದು ಹೇಳಿದರು. ವಾರಕ್ಕೊಂದಿದ್ದ ಕರೆ ದಿನಕ್ಕೊಂದಾಯಿತು. ಕರೆ ಮುಗಿದ ಕೂಡಲೇ ಹೊಸ ಅನುಮಾನ: ತಾನು ಎಲ್ಲವನ್ನೂ ಪೂರ್ತಿಯಾಗಿ ಹೇಳಿದೆನೇ? ಅರ್ಧ ಹೇಳಿ ಕ್ಷಮೆ ಪಡೆದಿದ್ದರೆ ಅದೇ ಇನ್ನೊಂದು ಸುಳ್ಳಲ್ಲವೇ?

ಒಂಟಿತನವಿರಬಹುದೆಂದು ಜೊತೆಗಾರನನ್ನು ಬದಲಿಸಿದರು, ಊರನ್ನೂ ಬದಲಿಸಿದರು. ಹತ್ತು ದಿನ ಹಗುರವಾಗಿದ್ದ, ಆಮೇಲೆ ಎಲ್ಲವೂ ಹಳೆಯ ದಾರಿಗೇ ಬಂತು.

ಮೊದಲ ತಿರುವು ತಂದದ್ದು ತಾಯಿ. ಸೋಮವಾರದ ವಿಡಿಯೊ ಕರೆಗಳಲ್ಲಿ ಮಗ ಪ್ರತಿ ಸಲವೂ ‘ಕ್ಷಮಿಸಿ ಅಮ್ಮ’ ಎಂದೇ ಮಾತು ಆರಂಭಿಸುವುದನ್ನು ಆಕೆ ಗಮನಿಸಿದರು. ಯಾವುದಕ್ಕೆ ಎಂದು ಕೇಳಿದಾಗ ಒಮ್ಮೆಯೂ ಸ್ಪಷ್ಟ ಉತ್ತರ ಬರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಕೆಲವು ತಿಂಗಳು ಅವನು ಪ್ರತಿ ರಾತ್ರಿ ತಮ್ಮ ಹಾಸಿಗೆಯ ಬಳಿ ಬಂದು ಆ ದಿನದ ತಪ್ಪುಗಳನ್ನೆಲ್ಲ ಒಪ್ಪಿಸಿ ಹೋಗುತ್ತಿದ್ದದ್ದು ಆಕೆಗೆ ಆಗ ನೆನಪಾಯಿತು. ಒಳ್ಳೆಯ ಮಗನೆಂದು ಹೆಮ್ಮೆಪಟ್ಟಿದ್ದ ಆ ನೆನಪೇ ಈಗ ಭಯ ಹುಟ್ಟಿಸಿತು. ಆಕೆ ಮಿಷನ್ ಅಧ್ಯಕ್ಷರಿಗೆ ಫೋನ್ ಮಾಡಿ, ಇದು ಆತ್ಮದ ವಿಷಯವಲ್ಲ, ವೈದ್ಯರ ವಿಷಯ ಎಂದರು. ಅಧ್ಯಕ್ಷರು ಅದನ್ನು ತಮ್ಮ ಮೇಲಿನ ಆಕ್ಷೇಪವೆಂದು ತಿಳಿಯದೆ, ಅದೇ ವಾರ ನನ್ನನ್ನು ಸಂಪರ್ಕಿಸಿದರು. ಅವನ ಸೇವೆಯ ಒಂಬತ್ತನೆಯ ತಿಂಗಳು ಅದು.

ಬಚ್ಚಲಿನ ನೆನಪು, ನನ್ನ ತಪ್ಪು

ಮೊದಲ ಭೇಟಿಯಲ್ಲಿ ಅವನು ಕುರ್ಚಿಯ ಅಂಚಿನಲ್ಲಿ ಕುಳಿತು, ತನ್ನ ಒಂದೊಂದು ವಾಕ್ಯವನ್ನೂ ತಾನೇ ತಿದ್ದಿಕೊಳ್ಳುತ್ತಿದ್ದ. ‘ಮೂರು ತಿಂಗಳಿಂದ’ ಎಂದವನು ‘ಕ್ಷಮಿಸಿ, ಸರಿಯಾಗಿ ಹೇಳಬೇಕೆಂದರೆ ಹನ್ನೊಂದು ವಾರದಿಂದ’ ಎನ್ನುತ್ತಿದ್ದ. ನನಗೆ ಅಜ್ಜಿಯ ತಂಗಿಯ ನೆನಪಾಯಿತು. ಮಡಿಯುಟ್ಟು ಬಚ್ಚಲಿನಿಂದ ಹೊರಬಂದವರು ಬಾಗಿಲ ಪರದೆ ತಾಗಿತೇನೋ ಎಂದು ಮತ್ತೆ ನೀರು ಹೊಯ್ದುಕೊಳ್ಳಲು ಹೋಗುತ್ತಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಕಟ್ಟುನಿಟ್ಟಿನ ಮಡಿ ಎಂದು ಗೌರವಿಸಿದರು. ಆಕೆಯ ಬೆರಳ ಸಂದುಗಳು ಬಿರಿದು ರಕ್ತ ಬರುತ್ತಿದ್ದುದನ್ನು ನೋಡಿದ್ದು ಮಕ್ಕಳಾದ ನಾವು ಮಾತ್ರ. ಮಡಿ ಮಾಡುವವರೆಲ್ಲ ರೋಗಿಗಳಲ್ಲ, ಪ್ರಾರ್ಥಿಸುವವರೂ ಅಲ್ಲ. ಆದರೆ ಒಂದೇ ಅನುಮಾನ, ಒಂದೇ ಕ್ರಿಯೆ ಮತ್ತೆ ಮತ್ತೆ ಮರುಕಳಿಸುವ ಗೀಳು ಕಾಯಿಲೆ (ಒಸಿಡಿ) ಹೊಕ್ಕಾಗ ಅದು ಮನುಷ್ಯ ಅತ್ಯಂತ ಪವಿತ್ರವೆಂದು ಕಾಪಾಡಿಕೊಂಡ ಜಾಗದಲ್ಲಿಯೇ ಬೀಡುಬಿಡುತ್ತದೆ. ನೂರಕ್ಕೆ ಎರಡು ಮೂರು ಮಂದಿಯನ್ನು ಜೀವನದ ಯಾವುದೋ ಹಂತದಲ್ಲಿ ಕಾಡುವ ಈ ಕಾಯಿಲೆ ಬಹಳಷ್ಟು ಜನರಲ್ಲಿ ತಲೆಯೆತ್ತುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆರಂಭದಲ್ಲಿ, ಅಂದರೆ ಈ ಹುಡುಗರು ಮನೆ ಬಿಟ್ಟು ಹೊರಡುವ ವಯಸ್ಸಿನಲ್ಲಿಯೇ.

ಧರ್ಮಸೂಕ್ಷ್ಮದ ರೂಪದ ಗೀಳಿಗೆ ಇಂಗ್ಲಿಷಿನಲ್ಲಿ ಸ್ಕ್ರುಪ್ಯುಲಾಸಿಟಿ ಎಂಬ ಹೆಸರಿದೆ. ಲ್ಯಾಟಿನ್ನಿನಲ್ಲಿ ಅದರ ಮೂಲಪದಕ್ಕೆ ಚೂಪಾದ ಸಣ್ಣ ಕಲ್ಲು ಎಂದರ್ಥ. ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಅದು ಪ್ರತಿ ಹೆಜ್ಜೆಗೂ ಚುಚ್ಚುತ್ತದೆ. ಇದು ಯಾವ ಒಂದು ಪಂಥದ ರೋಗವೂ ಅಲ್ಲ: ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು, ಕ್ಯಾಥೊಲಿಕ್ ಜೆಸ್ವಿಟ್ ಸಂಘದ ಸ್ಥಾಪಕ ಲೊಯೋಲಾದ ಇಗ್ನೇಷಿಯಸ್ ಮನ್ರೇಸಾ ಎಂಬ ಊರಿನಲ್ಲಿ ಇದೇ ಕಲ್ಲಿನಿಂದ ನರಳಿದರು. ಈ ಸಂಗತಿಯನ್ನು ಹೇಳಿದಾಗ ಎಲ್ಡರ್ ಕ ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದ.

ಗೀಳಿನ ತೀವ್ರತೆಯನ್ನು ಅಳೆಯುವ ಯೇಲ್-ಬ್ರೌನ್ ಮಾಪನದಲ್ಲಿ ಗರಿಷ್ಠ ಅಂಕ 40, ಅವನದು 30 ಬಂತು, ತೀವ್ರ ಮಟ್ಟ. ಚಿಕಿತ್ಸೆಯ ದಾರಿ ನನಗೆ ಗೊತ್ತಿತ್ತು. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ಕ್ರಮದಿಂದ ಬೆಳೆದು ಬಂದ ವಿಧಾನವದು. ಭಯ ಹುಟ್ಟಿಸುವ ಸನ್ನಿವೇಶಕ್ಕೆ ರೋಗಿಯನ್ನು ಸ್ವಲ್ಪ ಸ್ವಲ್ಪವಾಗಿ ಒಡ್ಡುವುದು, ಭಯವನ್ನು ಇಳಿಸಿಕೊಳ್ಳಲು ಆತ ಮಾಡುವ ಕ್ರಿಯೆಯನ್ನು ಮಾಡದೆ ಕಾಯುವುದು. ಕೈ ತೊಳೆಯುವವನಿಗೆ ಇದನ್ನು ಹೇಳುವುದು ಸುಲಭ: ಬಾಗಿಲ ಹಿಡಿ ಮುಟ್ಟಿ, ತೊಳೆಯಬೇಡಿ.

ನಾನು ತಪ್ಪು ಮಾಡಿದ್ದು ಎರಡನೆಯ ವಾರದಲ್ಲಿ. ಸ್ಯಾಕ್ರಮೆಂಟಿನ ಪ್ರಾರ್ಥನೆಯನ್ನು ನನ್ನ ಕೋಣೆಯಲ್ಲಿ ಬೇಕೆಂದೇ ಒಂದು ಪದ ತಪ್ಪಿಸಿ ಹೇಳಿ, ಹಾಗೆಯೇ ಬಿಡಿ ಎಂದೆ. ಅವನ ಮುಖ ಬಿಳುಚಿಕೊಂಡಿತು. ಬಹಳ ಹೊತ್ತು ಸುಮ್ಮನಿದ್ದು, ‘ಡಾಕ್ಟರ್, ಇದನ್ನು ನಾನು ಮಾಡಲಾರೆ, ಕಾಯಿಲೆಗೆ ಹೆದರಿ ಅಲ್ಲ, ಇದು ಆಟದ ವಸ್ತುವಲ್ಲ’ ಎಂದ. ಮುಂದಿನ ಭೇಟಿಗೆ ಬರಲಿಲ್ಲ. ನಾನು ಅದನ್ನು ಮೊದಲು ಚಿಕಿತ್ಸೆಯ ಬಗೆಗಿನ ಹಿಂಜರಿಕೆ ಎಂದು ಟಿಪ್ಪಣಿ ಬರೆದುಕೊಂಡೆ. ಮೂರು ದಿನ ಕಳೆದ ಮೇಲೆ ಆ ಟಿಪ್ಪಣಿಯನ್ನು ಓದಿದಾಗ, ಒಬ್ಬ ನಂಬಿಕೆಯುಳ್ಳ ಆರೋಗ್ಯವಂತ ಸದಸ್ಯನೂ ಅದೇ ಉತ್ತರ ಕೊಡುತ್ತಿದ್ದ ಎಂಬುದು ಹೊಳೆಯಿತು. ಅವನ ಕಾಯಿಲೆಯನ್ನು ಬಿಡಿಸಹೊರಟ ನಾನು ಅವನ ನಂಬಿಕೆಯನ್ನೇ ಹರಿಯಲು ಕೇಳಿದ್ದೆ. ಎರಡರ ನಡುವಿನ ಗೆರೆ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವರನ್ನು ಕೇಳಿರಲೂ ಇಲ್ಲ.

ಒಪ್ಪಂದ

ಅವನ ಅನುಮತಿ ಪಡೆದು ಮಿಷನ್ ಅಧ್ಯಕ್ಷರನ್ನು ನನ್ನ ಕೋಣೆಗೆ ಕರೆದೆ. ಮೊದಲು ಅವನ ಎದುರಿನಲ್ಲಿಯೇ ನನ್ನ ತಪ್ಪನ್ನು ಒಪ್ಪಿಕೊಂಡೆ. ಆಮೇಲೆ ಅಧ್ಯಕ್ಷರಿಗೆ ನಾನು ಕೇಳಿದ ಪ್ರಶ್ನೆ ಒಂದೇ: ಆರೋಗ್ಯವಂತನಾದ, ಶ್ರದ್ಧೆಯುಳ್ಳ ಒಬ್ಬ ಮಿಷನರಿಯಿಂದ ನಿಮ್ಮ ಚರ್ಚು ಏನನ್ನು ಕೇಳುತ್ತದೆ? ಅದಕ್ಕಿಂತ ಹೆಚ್ಚಿನದೆಲ್ಲವೂ ಚಿಕಿತ್ಸೆಯ ವ್ಯಾಪ್ತಿಗೆ ಬರುತ್ತದೆ, ಅದರೊಳಗಿನದನ್ನು ನಾನು ಮುಟ್ಟುವುದಿಲ್ಲ.

ಆ ಒಂದೂವರೆ ಗಂಟೆ ಈ ಪ್ರಕರಣದ ನಡುಗಂಬ. ಉಪವಾಸ ತಿಂಗಳಿಗೊಮ್ಮೆ, ಅದೂ ದೇಹಕ್ಕೆ ಆಗದಿದ್ದರೆ ಬೇಡ ಎಂದರು ಅಧ್ಯಕ್ಷರು. ರಾತ್ರಿಯ ಪ್ರಾರ್ಥನೆಗೆ ಉದ್ದದ ಅಳತೆಯಿಲ್ಲ. ಸ್ಯಾಕ್ರಮೆಂಟಿನ ಪದಗಳನ್ನು ಗಮನಿಸಿ ಸರಿ ಎನ್ನುವ ಹೊಣೆ ಆ ಸಭೆಯ ಅಧ್ಯಕ್ಷತೆ ವಹಿಸಿದವರದು, ಪ್ರಾರ್ಥಿಸುವವನದಲ್ಲ. ಅವರು ಸುಮ್ಮನಿದ್ದರೆ ಮುಗಿಯಿತು. ಈ ಕೊನೆಯ ಮಾತು ಎಲ್ಡರ್ ಕನಿಗೆ ಹೊಸದೇನಲ್ಲ, ಆದರೆ ಅದನ್ನು ಅವನು ನಿಯಮವಾಗಿ ಎಂದೂ ಕೇಳಿರಲಿಲ್ಲ. ನಡುವೆ ಮಿಷನ್ ಅಧ್ಯಕ್ಷರು ತಮ್ಮ ಧರ್ಮಗ್ರಂಥವಾದ ‘ಬುಕ್ ಆಫ್ ಮಾರ್ಮನ್’ ತೆರೆದು, ರಾಜ ಬೆಂಜಮಿನ್ ತನ್ನ ಜನರಿಗೆ ಮಾಡಿದ ಉಪದೇಶದ ಒಂದು ಭಾಗವನ್ನು ತೋರಿಸಿದರು. ತನ್ನ ಶಕ್ತಿ ಮೀರಿ ಓಡಬೇಕೆಂದು ಯಾರಿಗೂ ವಿಧಿಸಿಲ್ಲ ಎಂಬುದು ಅದರ ತಾತ್ಪರ್ಯ. ನಾನಾಗಿ ಆ ಸಾಲನ್ನು ಹುಡುಕಲಾರೆ, ಹುಡುಕಿ ಹೇಳಿದ್ದರೂ ಅದಕ್ಕೆ ತೂಕ ಇರುತ್ತಿರಲಿಲ್ಲ.

ಅಧ್ಯಕ್ಷರಿಗೆ ನಾನು ಕೇಳಿದ್ದು ಅವರ ಪಾಲಿಗೆ ಕಷ್ಟದ ಕೆಲಸ. ಇನ್ನು ಮುಂದೆ ಅವನ ತಪ್ಪೊಪ್ಪಿಗೆಯನ್ನು ಕೇಳಬೇಡಿ, ಕ್ಷಮೆಯಾಗಿದೆ ಎಂದೂ ಹೇಳಬೇಡಿ. ‘ನಿನ್ನ ಇಲ್ಲಿಯವರೆಗಿನ ತಪ್ಪೊಪ್ಪಿಗೆಗಳು ಮುಗಿದಿವೆ’ ಎಂದು ಒಂದೇ ಬಾರಿ ಬರೆದು ಕೊಡಿ, ಮತ್ತೆ ಕೇಳಿದರೆ ಆ ಕಾಗದದ ಕಡೆಗೆ ಬೆರಳು ತೋರಿಸಿ. ಕರುಣೆಯಿಂದ ಬದುಕುವ ಮನುಷ್ಯನಿಗೆ ಒಬ್ಬ ಹುಡುಗನ ಅಳುವಿನ ಎದುರು ಸುಮ್ಮನಿರುವುದು ಎಷ್ಟು ಭಾರವೆಂದು ಅವರ ಮುಖ ಹೇಳುತ್ತಿತ್ತು. ಆದರೂ ಒಪ್ಪಿದರು, ಮಾತಿಗೆ ತಪ್ಪಲಿಲ್ಲ.

ಎಲ್ಡರ್ ಕನಿಗೆ ನಾನು ಕೊಟ್ಟ ಹೋಲಿಕೆ ಸಾಲದ್ದು. ಅಂತಃಸಾಕ್ಷಿ ನ್ಯಾಯವಂತ ಸಾಲಿಗನಿದ್ದಂತೆ, ಕೊಡಬೇಕಾದದ್ದನ್ನು ಕೊಟ್ಟರೆ ಪತ್ರ ಹರಿದುಹಾಕುತ್ತಾನೆ. ಗೀಳು ಬಡ್ಡಿ ಮಾತ್ರ ಕಟ್ಟಿಸಿಕೊಂಡು ಅಸಲನ್ನು ದಿನದಿನಕ್ಕೆ ಏರಿಸುವವನು. ಇವತ್ತು ಬಾಗಿಲಿಗೆ ಬಂದಿರುವವರು ಯಾರೆಂದು ಗುರುತಿಸಲು ಒಂದೇ ಪರೀಕ್ಷೆ: ಕೊಟ್ಟ ಮೇಲೆ ಹೋದನೇ, ಅಥವಾ ಇನ್ನೂ ನಿಂತಿದ್ದಾನೆಯೇ?

ವರ್ಗಾವಣೆಯ ಒಂದು ಸುತ್ತು, ಅಂದರೆ ಆರು ವಾರ, ಊರು ಬದಲಿಸದೆ ಚಿಕಿತ್ಸೆ ನಡೆಸಿ ಆಮೇಲೆ ಮುಂದಿನದನ್ನು ನಿರ್ಧರಿಸುವುದೆಂದು ಮಾತಾಯಿತು. ವೈದ್ಯರೊಬ್ಬರು ಸರ್ಟ್ರಲೀನ್ ಆರಂಭಿಸಿದರು. ಗೀಳಿಗೆ ಆ ಔಷಧ ಕೆಲಸ ಮಾಡಲು ಎಂಟರಿಂದ ಹನ್ನೆರಡು ವಾರ ಬೇಕಾಗುತ್ತದೆಂದು ಮೊದಲೇ ಹೇಳಿದ್ದರಿಂದ ಅವನು ಅದರ ಫಲವನ್ನು ದಿನದಿನವೂ ಪರೀಕ್ಷಿಸಲು ಹೋಗಲಿಲ್ಲ.

ಆರು ವಾರ

ರಾತ್ರಿಯ ಪ್ರಾರ್ಥನೆ ಮೂರು ನಿಮಿಷ, ಒಮ್ಮೆ ಮಾತ್ರ, ಮನಸ್ಸು ಚದುರಿದರೂ ಮತ್ತೆ ಶುರು ಮಾಡುವಂತಿಲ್ಲ. ಮುಗಿದ ಮೇಲೆ ಒಂದು ಚೀಟಿಯಲ್ಲಿ ‘ನನ್ನ ಪ್ರಾರ್ಥನೆ ಸರಿಯಾಗಿರಲಿಲ್ಲವೇನೋ, ಅದನ್ನು ಹಾಗೆಯೇ ದೇವರ ಕೈಗೆ ಬಿಡುತ್ತೇನೆ’ ಎಂದು ಬರೆದು ಮಲಗಬೇಕು. ಮೊದಲ ರಾತ್ರಿ ಅವನು ನಿದ್ದೆ ಮಾಡಲಿಲ್ಲ. ನಾಲ್ಕನೆಯ ರಾತ್ರಿ ಎದ್ದು ಬಚ್ಚಲಿಗೆ ಹೋಗಿ ಗುಟ್ಟಾಗಿ ಪ್ರಾರ್ಥಿಸಿದ, ಬೆಳಗ್ಗೆ ಅದನ್ನು ನನಗೆ ಫೋನಿನಲ್ಲಿ ಒಪ್ಪಿಸಲು ಬಂದ. ಅದೂ ತಪ್ಪೊಪ್ಪಿಗೆಯೇ ಆದ್ದರಿಂದ ನಾನು ಕೇಳಿಸಿಕೊಳ್ಳಲಿಲ್ಲ. ಎರಡನೆಯ ವಾರದ ಕೊನೆಗೆ ಹನ್ನೊಂದು ಗಂಟೆಯೊಳಗೆ ನಿದ್ದೆ ಹೋಗತೊಡಗಿದ.

ಎಲ್ಡರ್ ತ ವಹಿಸಿದ ಪಾತ್ರ ಬಹಳ ದೊಡ್ಡದು. ಪೆಸಿಫಿಕ್ ದ್ವೀಪಗಳ ಮೂಲದ, ಗಟ್ಟಿ ದನಿಯಲ್ಲಿ ಹಾಡುವ ಹುಡುಗ. ದಿನಕ್ಕೆ ಹತ್ತಾರು ಬಾರಿ ‘ನೀವು ಸರಿಯಾಗಿಯೇ ಮಾಡಿದಿರಿ’ ಎಂದು ಸಮಾಧಾನ ಹೇಳುವುದು ಪ್ರೀತಿಯೆಂದು ಅವನು ತಿಳಿದಿದ್ದ. ಆ ಸಮಾಧಾನವೇ ಬಡ್ಡಿ ಎಂದು ವಿವರಿಸಿದಾಗ ಅವನಿಗೆ ದುಃಖವಾಯಿತು. ಅವನಿಗೆ ನಾನು ಹೇಳಿಕೊಟ್ಟ ಉತ್ತರ ‘ಗೊತ್ತಿಲ್ಲ ಎಲ್ಡರ್, ಬನ್ನಿ, ಸೈಕಲ್ ಹತ್ತೋಣ’ ಎಂಬುದು. ಅದನ್ನು ಅವನು ಒಮ್ಮೆಯೂ ಗಡುಸಾಗಿ ಹೇಳಲಿಲ್ಲ. ದಾಟಿ ಬಂದ ಮನೆಗೆ ಹಿಂದಿರುಗದೆ ಮುಂದೆ ಹೋದ ಮೊದಲ ದಿನ ಎಲ್ಡರ್ ಕ ಬೀದಿಯ ತುದಿಯಲ್ಲಿ ಸೈಕಲ್ ನಿಲ್ಲಿಸಿ ಇಪ್ಪತ್ತು ನಿಮಿಷ ನಡುಗುತ್ತ ನಿಂತ. ಎಲ್ಡರ್ ತ ಪಕ್ಕದಲ್ಲಿ ಮಾತಿಲ್ಲದೆ ನಿಂತಿದ್ದ. ಇಪ್ಪತ್ತೊಂದು ವರ್ಷವೂ ತುಂಬದ ಆ ಹುಡುಗನಿಗಿಂತ ಒಳ್ಳೆಯ ಸಹಚಿಕಿತ್ಸಕರನ್ನು ನಾನು ಹೆಚ್ಚು ನೋಡಿಲ್ಲ.

ಐದನೆಯ ವಾರದಲ್ಲಿ ಅಂಕ 21ಕ್ಕೆ ಇಳಿಯಿತು. ತೂಕ ಸ್ವಲ್ಪ ಏರಿತು. ಅವನು ಸೇವೆಯಲ್ಲಿ ಉಳಿಯಲಿ ಎಂಬ ಪಕ್ಷದಲ್ಲಿ ನಾನಿದ್ದೆ.

ದೀಕ್ಷಾಸ್ನಾನದ ಸಂಜೆ

ಆ ಇಬ್ಬರು ಹುಡುಗರು ಹಲವು ವಾರಗಳಿಂದ ಭೇಟಿಯಾಗುತ್ತಿದ್ದ ಮಧ್ಯವಯಸ್ಸಿನ ಮಹಿಳೆಯೊಬ್ಬರು ದೀಕ್ಷೆಗೆ ಸಿದ್ಧರಾದರು, ಎಲ್ಡರ್ ಕನೇ ಮಾಡಿಸಬೇಕೆಂದು ಕೇಳಿದರು. ಆ ಚರ್ಚಿನ ದೀಕ್ಷಾಸ್ನಾನದಲ್ಲಿ ದೇಹ ಪೂರ್ತಿಯಾಗಿ ನೀರಿನಲ್ಲಿ ಮುಳುಗಬೇಕು. ಇಬ್ಬರು ಸಾಕ್ಷಿಗಳು ನೋಡುತ್ತಾರೆ. ಬಟ್ಟೆಯ ಅಂಚೋ ಕೂದಲೋ ಮೇಲೆ ಉಳಿದರೆ ಮತ್ತೆ ಮಾಡಿಸುತ್ತಾರೆ. ಬೇಡವೆಂದು ನಾನು ಹೇಳಬಹುದಿತ್ತು. ಇದು ಅವನ ಸೇವೆಯ ಅತ್ಯಂತ ಸಂತೋಷದ ಕ್ಷಣವಾಗಬೇಕಾದದ್ದು, ಕಾಯಿಲೆಗೆ ಇದನ್ನೂ ಬಿಟ್ಟುಕೊಡಬಾರದು ಎಂದುಕೊಂಡು ಒಪ್ಪಿದೆ.

ಸಾಕ್ಷಿಗಳು ಇಬ್ಬರೂ ತಲೆಯಾಡಿಸಿದರು. ಆಕೆ ಅಳುತ್ತ ನಗುತ್ತ ಮೇಲೆ ಬಂದರು. ಆ ರಾತ್ರಿ ಎರಡು ಗಂಟೆಗೆ, ಬಿಳಿ ಉಡುಪಿನ ತೋಳಿನ ಅಂಚು ನೀರಿನ ಮೇಲೆ ತೇಲಿದ್ದನ್ನು ಕಂಡೆನೇನೋ ಎಂಬ ಯೋಚನೆ ಅವನಿಗೆ ಬಂತು. ಅದು ತನ್ನ ಆತ್ಮದ ಲೆಕ್ಕವಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಇನ್ನೊಬ್ಬರ ರಕ್ಷಣೆಯ ಲೆಕ್ಕವಾದ್ದರಿಂದ ಆಗಲಿಲ್ಲ ಎಂದು ಆಮೇಲೆ ಹೇಳಿದ. ಮುಂದಿನ ನಾಲ್ಕು ದಿನ ಊಟವಿಲ್ಲ. ಐದನೆಯ ದಿನ ಆ ಮಹಿಳೆಯ ಮನೆಗೆ ಹೋಗಿ, ಮತ್ತೊಮ್ಮೆ ಮಾಡಿಸಿಕೊಳ್ಳಬೇಕೆಂದು ಬೇಡಿಕೊಂಡ. ಆಕೆ ಗಾಬರಿಯಾದರು.

ಎರಡು ದಿನಗಳ ನಂತರ ಅವನು, ಅಧ್ಯಕ್ಷರು, ನಾನು, ವಿಡಿಯೊದಲ್ಲಿ ತಂದೆತಾಯಿ ಕುಳಿತೆವು. ಅವಧಿಗೆ ಮುನ್ನ ಮನೆಗೆ ಮರಳುವುದು ಆ ಸಮುದಾಯದಲ್ಲಿ ಸಣ್ಣ ಮಾತಲ್ಲ. ವಿಮಾನ ನಿಲ್ದಾಣಕ್ಕೆ ಫಲಕ ಹಿಡಿದು ಬರುವ ನೆಂಟರು, ಸಭೆಯಲ್ಲಿ ಮಾಡುವ ಭಾಷಣ, ಇವುಗಳ ಜಾಗದಲ್ಲಿ ‘ಏನಾಯಿತಂತೆ’ ಎಂಬ ಪಿಸುಮಾತು ಇರುತ್ತದೆಂಬ ಭಯ. ಹಿಂದಿರುಗಿದರೆ ಸೋತೆ, ಉಳಿದರೆ ಇತರರಿಗೆ ಕೆಡುಕು ಮಾಡುತ್ತೇನೆ ಎಂದು ಅವನು ಅತ್ತ. ಆಗ ಬಹಳ ಮಾತಿನವರಲ್ಲದ ತಂದೆ, ‘ಮಗನೇ, ನನ್ನ ಎತ್ತು ಕುಂಟಿದರೆ ನಾನು ನೊಗ ಬಿಚ್ಚುತ್ತೇನೆ, ಹೊಲ ಎಲ್ಲಿಗೂ ಹೋಗುವುದಿಲ್ಲ’ ಎಂಬರ್ಥದ ಮಾತು ಹೇಳಿದರು. ನಿರ್ಧಾರವನ್ನು ಅವನಿಗೇ ಬಿಟ್ಟೆವು. ಎರಡು ರಾತ್ರಿ ಕಳೆದು ಅವನು ಹೊರಡುತ್ತೇನೆ ಎಂದ. ಸೇವೆಯ ಹನ್ನೆರಡನೆಯ ತಿಂಗಳು ಅದು.

ಈ ಪ್ರಕರಣದಿಂದ ನಾನು ಕಲಿತದ್ದು

ದೀಕ್ಷಾಸ್ನಾನಕ್ಕೆ ಒಪ್ಪಿದ್ದು ನನ್ನ ಅವಸರವೆಂದೇ ಈಗಲೂ ಭಾವಿಸುತ್ತೇನೆ. ತನ್ನ ಪಾಲಿನ ಅನುಮಾನವನ್ನು ಹಾಗೆಯೇ ಬಿಡಲು ಅವನು ಕಲಿಯುತ್ತಿದ್ದ, ಇನ್ನೊಬ್ಬರ ಪಾಲಿನದನ್ನು ಬಿಡಲು ಕಲಿತಿರಲಿಲ್ಲ. ಇವೆರಡು ಬೇರೆ ಬೇರೆ ಮೆಟ್ಟಿಲುಗಳೆಂದು ನನಗೆ ಹೊಳೆಯಬೇಕಿತ್ತು. ಇಂದು ಇಂಥ ಯುವಕರು ಬಂದಾಗ ಈ ಎರಡನ್ನು ಬೇರೆಯಾಗಿ ಕೇಳಿ ಬರೆದುಕೊಳ್ಳುತ್ತೇನೆ.

ಶ್ರದ್ಧೆ ಮತ್ತು ಗೀಳನ್ನು ಹೊರಗಿನಿಂದ ನೋಡಿ ಬೇರ್ಪಡಿಸಲು ಹೊರಟರೆ, ಹೊರಗಿನವರಾದ ನಾವು ಎರಡು ಕಡೆ ಎಡವುತ್ತೇವೆ: ಒಂದೋ ಎಲ್ಲವನ್ನೂ ಶ್ರದ್ಧೆಯೆಂದು ಕೈಮುಗಿಯುತ್ತೇವೆ, ಇಲ್ಲವೇ ಎಲ್ಲವನ್ನೂ ಕಾಯಿಲೆಯೆಂದು ಕತ್ತರಿಸುತ್ತೇವೆ. ಅದೇ ನಂಬಿಕೆಯಲ್ಲಿ ನೆಮ್ಮದಿಯಾಗಿ ಬದುಕುತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು ಬಹಳ ಸರಳ ಕೆಲಸ. ನಮ್ಮ ಕಡೆಯ ಮಡಿಯ ಮನೆಗಳಿಗೂ ಅದು ಸಲ್ಲುತ್ತದೆ. ಮೂರನೆಯ ಬಾರಿ ಸ್ನಾನಕ್ಕೆ ಹೊರಟ ಹೆಂಗಸಿಗೆ ಮಗನ ವಾದಕ್ಕಿಂತ ಮನೆಯ ಪುರೋಹಿತರ ‘ಒಂದೇ ಸಾಕು’ ಎಂಬ ಮಾತು, ಅದೂ ಒಮ್ಮೆ ಮಾತ್ರ ಹೇಳಿದ ಮಾತು, ಹೆಚ್ಚು ಕೆಲಸ ಮಾಡಬಹುದು.

ಆಮೇಲೆ

ಅವನು ಊರಿಗೆ ಮರಳಿ ಅಲ್ಲಿಯ ಚಿಕಿತ್ಸಕರೊಬ್ಬರ ಬಳಿ ಅದೇ ಕ್ರಮವನ್ನು ಮುಂದುವರಿಸಿದ. ನಾಲ್ಕು ತಿಂಗಳ ಬಳಿಕ ಆ ಚರ್ಚಿನ ಇನ್ನೊಂದು ಬಗೆಯ ಮಿಷನ್‌ಗೆ, ಮನೆಯಲ್ಲಿಯೇ ಇದ್ದು ಮಾಡುವ ಸೇವಾ ಮಿಷನ್‌ಗೆ ಸೇರಿದ. ಬಡ ಕುಟುಂಬಗಳಿಗೆ ದಿನಸಿ ನೀಡುವ ಚರ್ಚಿನ ಉಗ್ರಾಣದಲ್ಲಿ ಕೆಲಸ. ಹಿಟ್ಟಿನ ಮೂಟೆ, ಡಬ್ಬಿಗಳನ್ನು ಎಣಿಸಿ ಜೋಡಿಸುವುದು ಅವನ ಪಾಲಿಗೆ ಬಂತು. ಎರಡನೆಯ ಬಾರಿ ಎಣಿಸಬಾರದೆಂಬುದು ಅವನೇ ಹಾಕಿಕೊಂಡ ನಿಯಮ. ಅಂಕ 13ಕ್ಕೆ ಇಳಿಯಿತು, ಕೆಲವು ತಿಂಗಳು ಏರಿಳಿದು ಅಲ್ಲಿಯೇ ನಿಂತಿತು. ಔಷಧ ಮುಂದುವರಿದಿದೆ.

ಈ ಬರಹಕ್ಕೆ ಒಪ್ಪಿಗೆ ಕೇಳಲು ಫೋನ್ ಮಾಡಿದಾಗ ಆತ ತನ್ನ ಹಿಂದಿನ ಭಾನುವಾರದ ಸಂಗತಿ ಹೇಳಿದ. ಊರಿನ ಸಭೆಯಲ್ಲಿ ಹುಡುಗನೊಬ್ಬ ಬಾರದೆ, ಸ್ಯಾಕ್ರಮೆಂಟಿನ ಪ್ರಾರ್ಥನೆಗೆ ಅವನನ್ನು ಕರೆದಿದ್ದರು. ನೀರಿನ ಪ್ರಾರ್ಥನೆಯ ನಡುವೆ ನಿಜವಾಗಿಯೂ ಒಂದು ಪದ ತಪ್ಪಿತು. ಆ ಸಭೆಯ ಮುಖ್ಯಸ್ಥರಾದ ಬಿಷಪ್ ತಲೆಯೆತ್ತಿ ಸನ್ನೆ ಮಾಡಿದರು. ಅವನು ಮೊದಲಿನಿಂದ ಇನ್ನೊಮ್ಮೆ ಹೇಳಿದ, ಬಿಷಪ್ ತಲೆ ತಗ್ಗಿಸಿದರು, ತಟ್ಟೆಗಳು ಮುಂದೆ ಹೋದವು. ಮನೆಗೆ ಹೋಗಿ ತಂಗಿಯೊಡನೆ ಊಟ ಮಾಡಿ ಮಧ್ಯಾಹ್ನ ಮಲಗಿದೆ ಎಂದ. ಆ ಪದ ಯಾವುದೆಂದು ನಾನು ಕೇಳಿದೆ. ಸ್ವಲ್ಪ ಯೋಚಿಸಿ, ನೆನಪಿಲ್ಲ ಎಂದ.